ಅಮೆರಿಕದಲ್ಲಿ ಮೆಡಿಕಲ್ ಜೆನೆಟಿಸಿಸ್ಟ್ ಆಗಬೇಕೆಂದರೆ

ಇಂಡಿಯಾದಲ್ಲಿ ಪೀಡಿಯಾಟ್ರಿಕ್ಸ್ ಎಂಡಿ ಮುಗಿಸಿದ್ದೀರಿ, ಅಮೆರಿಕದಲ್ಲಿ ಮೆಡಿಕಲ್ ಜೆನೆಟಿಸಿಸ್ಟ್ (ಆನುವಂಶಿಕ ಕಾಯಿಲೆಗಳ ತಜ್ಞ ವೈದ್ಯ) ಆಗುವ ದಾರಿ ಯಾವುದು, ಕೆಲಸ ಹೇಗಿರುತ್ತದೆ ಎಂದು ಕೇಳಿದ್ದೀರಿ. ಕಹಿಯಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ: ನಿಮ್ಮ ಎಂಡಿ ಇಲ್ಲಿನ ರೆಸಿಡೆನ್ಸಿಗೆ (ಆಸ್ಪತ್ರೆಯಲ್ಲಿ ದುಡಿಯುತ್ತ ಪಡೆಯುವ ತಜ್ಞ ತರಬೇತಿಗೆ) ಬದಲಿಯಲ್ಲ. ಇಂಟರ್‌ವ್ಯೂನಲ್ಲಿ ಆ ಅನುಭವಕ್ಕೆ ಬೆಲೆಯಿದೆ, ಅಷ್ಟೇ.

ಇಲ್ಲಿನ ಲೈಸೆನ್ಸ್ ಪರೀಕ್ಷೆಯಾದ ಯುಎಸ್‌ಎಂಎಲ್‌ಇಯ ಸ್ಟೆಪ್ 1, ಸ್ಟೆಪ್ 2 ಸಿಕೆ, ಇಂಗ್ಲಿಷ್ ಪರೀಕ್ಷೆ ಓಇಟಿ, ಹೊರದೇಶದ ವೈದ್ಯರ ಅರ್ಹತೆ ದೃಢಪಡಿಸುವ ಇಸಿಎಫ್‌ಎಂಜಿ ಸರ್ಟಿಫಿಕೇಟ್, ಇವೆಲ್ಲ ಹೊರದೇಶದಲ್ಲಿ ಓದಿದ ಎಲ್ಲರಿಗೂ ಇದ್ದದ್ದೇ. 2022ರಿಂದ ಸ್ಟೆಪ್ 1ಕ್ಕೆ ಅಂಕವಿಲ್ಲ, ಪಾಸ್-ಫೇಲ್ ಅಷ್ಟೇ, ಹಾಗಾಗಿ ಭಾರವೆಲ್ಲ ಸ್ಟೆಪ್ 2ರ ಮೇಲೆ. ಸೆಪ್ಟೆಂಬರ್‌ನಲ್ಲಿ ಅರ್ಜಿ, ಮಾರ್ಚ್‌ನಲ್ಲಿ ಮ್ಯಾಚ್ (ಯಾರಿಗೆ ಯಾವ ರೆಸಿಡೆನ್ಸಿ ಎಂಬ ಹಂಚಿಕೆ). ಆಮೇಲೆ ಕನಿಷ್ಠ ಒಂದು ವರ್ಷ ಬೇರೆ ಕ್ಲಿನಿಕಲ್ ರೆಸಿಡೆನ್ಸಿ ಮಾಡಿ ಎರಡು ವರ್ಷ ಜೆನೆಟಿಕ್ಸ್ ಸೇರಬಹುದು, ಇಲ್ಲವೇ ನಾಲ್ಕು ವರ್ಷದ ಪೀಡಿಯಾಟ್ರಿಕ್ಸ್–ಜೆನೆಟಿಕ್ಸ್ ಕಂಬೈನ್ಡ್ ಪ್ರೋಗ್ರಾಂ. ನಿಮಗೆ ಎರಡನೆಯದೇ ಸರಿ. ಕಾರಣ ವೀಸಾ. ಜೆ-1 ಎಂಬ ತರಬೇತಿ ವೀಸಾದಲ್ಲಿ ಬಂದವರು ತರಬೇತಿ ಮುಗಿದ ಮೇಲೆ ಎರಡು ವರ್ಷ ಸ್ವದೇಶದಲ್ಲಿರಬೇಕು, ಅಥವಾ ಡಾಕ್ಟರ್‌ಗಳ ಕೊರತೆಯಿರುವ ಕಡೆ ಮೂರು ವರ್ಷ ದುಡಿಯಲು ಒಪ್ಪಿ ವೇವರ್ (ಆ ನಿಯಮದಿಂದ ವಿನಾಯಿತಿ) ಪಡೆಯಬೇಕು. ರಾಜ್ಯಗಳ ಮೂಲಕ ಸಿಗುವ ಕಾನ್ರಾಡ್ ವೇವರ್ ಒಂದೊಂದು ರಾಜ್ಯಕ್ಕೆ ವರ್ಷಕ್ಕೆ 30 ಮಾತ್ರ. ಜೆನೆಟಿಕ್ಸ್ ಹುದ್ದೆಗಳೋ ಹೆಚ್ಚಾಗಿ ದೊಡ್ಡ ಬೋಧನಾ ಆಸ್ಪತ್ರೆಗಳಲ್ಲೇ ಇರುವುದು. ಕಂಬೈನ್ಡ್ ಮುಗಿಸಿ ಕೈಯಲ್ಲಿ ಪೀಡಿಯಾಟ್ರಿಕ್ಸ್ ಬೋರ್ಡೂ (ತಜ್ಞರೆಂಬ ಮಾನ್ಯತೆ) ಇದ್ದರೆ ಹುಡುಕಾಟ ಸುಲಭ. ಎಚ್-1ಬಿ (ಉದ್ಯೋಗ ವೀಸಾ) ಬೇಕಾದರೆ ಸ್ಟೆಪ್ 3 ಮೊದಲೇ ಮುಗಿಸಿರಬೇಕು. ಆ ವೀಸಾ ಕೊಡದ ಪ್ರೋಗ್ರಾಂಗಳೂ ಬಹಳ.

ಕೆಲಸದ ಬಹುಪಾಲು ಕೂತು ಮಾತಾಡುವುದು. ಮೂರು ತಲೆಮಾರಿನ ವಂಶವೃಕ್ಷ ಬರೆದು, ಮಗುವನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಆಮೇಲೆ ಮೈಕ್ರೋಅರೇ (ಕ್ರೋಮೋಸೋಮ್‌ನ ತುಂಡುಗಳು ಹೆಚ್ಚುಕಡಿಮೆ ಆಗಿವೆಯೇ ನೋಡುವ ಪರೀಕ್ಷೆ) ಬೇಕೋ ಎಕ್ಸೋಮ್ (ಜೀನ್‌ಗಳಲ್ಲಿ ಪ್ರೋಟೀನ್‌ಗೆ ಸಂಬಂಧಿಸಿದ ಭಾಗಗಳನ್ನು ಓದುವ ಪರೀಕ್ಷೆ) ಬೇಕೋ ಎಂದು ತೀರ್ಮಾನ. ಎಕ್ಸೋಮ್ ಆದರೆ ಸಾಧ್ಯವಿದ್ದಾಗ ತಂದೆತಾಯಿಯ ಸ್ಯಾಂಪಲ್ ಜೊತೆಗೇ ಕಳಿಸಿ. ಮಗುವಿನದೊಂದೇ ಹೋದರೆ ಅರ್ಥ ಹೇಳಲಾಗದ ಜೀನ್ ಬದಲಾವಣೆಗಳು, ಅಂದರೆ ‘ವಿಯುಎಸ್’ಗಳೇ ಹೆಚ್ಚು ಬರುತ್ತವೆ, ಬದಲಾವಣೆ ಹೊಸದೋ ಆನುವಂಶಿಕವೋ ಗೊತ್ತಾಗುವುದಿಲ್ಲ. ವಿಯುಎಸ್ ನೋಡಿ ಚಿಕಿತ್ಸೆ ಬದಲಿಸಬಾರದು. ಪರೀಕ್ಷೆಗೆ ಒಪ್ಪಿಗೆ ಕೇಳಿ ಇನ್ಶೂರೆನ್ಸ್ ಕಂಪನಿಗೆ ಪತ್ರ ಬರೆಯುವುದೂ ಈ ಕೆಲಸದ ಭಾಗವೇ, ಬೇಸರವಾದರೂ.

ಮೆಟಬಾಲಿಕ್ ಕಾಲ್ (ಹುಟ್ಟಿನಿಂದ ಬಂದ ಚಯಾಪಚಯ ದೋಷಗಳ ತುರ್ತು ಕರೆ) ಮಾತ್ರ ಬೇರೆಯದೇ ಲೋಕ. ಎರಡು-ಮೂರು ದಿನದ ಮಗು ಹಾಲು ಬಿಟ್ಟು ಮಂಕಾಗಿದೆ, ರಕ್ತದಲ್ಲಿ ಅಮೋನಿಯಾ (ಪ್ರೋಟೀನ್ ಒಡೆದಾಗ ಹುಟ್ಟುವ ವಿಷ) ಏರಿದೆ ಎಂದು ನಡುರಾತ್ರಿ ಫೋನ್ ಬರುತ್ತದೆ. ರಕ್ತ ಹೇಗೆ ತೆಗೆದರು ಎಂದು ಕೇಳಿ: ಟೂರ್ನಿಕೆಟ್ (ತೋಳಿಗೆ ಕಟ್ಟುವ ಪಟ್ಟಿ) ಬಿಗಿದಿದ್ದರೆ, ಐಸ್‌ನಲ್ಲಿ ಇಡದೆ ತಡವಾಗಿ ಲ್ಯಾಬ್‌ಗೆ ಹೋಗಿದ್ದರೆ ಅಂಕಿ ಸುಳ್ಳೇ ಏರಿರುತ್ತದೆ. ಮರುಪರೀಕ್ಷೆಗೆ ಕಳಿಸಿ, ಆದರೆ ಫಲಿತಾಂಶಕ್ಕೆ ಕಾಯುತ್ತ ಕೂರಬೇಡಿ. ಪ್ರೋಟೀನ್ ನಿಲ್ಲಿಸಿ, 10% ಡೆಕ್ಸ್‌ಟ್ರೋಸ್ (ಸಕ್ಕರೆಯ ಡ್ರಿಪ್) ಹಾಕಿಸಿ, ಡಯಾಲಿಸಿಸ್ ತಂಡವನ್ನು ಎಬ್ಬಿಸಿ. ಪ್ರೋಟೀನನ್ನು 24–48 ಗಂಟೆಗಿಂತ ಹೆಚ್ಚು ತಡೆಹಿಡಿದರೆ ದೇಹ ತನ್ನದೇ ಸ್ನಾಯು ಕರಗಿಸತೊಡಗುತ್ತದೆ, ಅಮೋನಿಯಾ ಮತ್ತೆ ಏರುತ್ತದೆ. ರೆಸಿಡೆಂಟ್‌ಗಳು ಮರೆಯುವುದು ಇದನ್ನೇ.

ಸಂಬಳ ಸರ್ಜರಿ, ಕಾರ್ಡಿಯಾಲಜಿಯವರಷ್ಟು ಇಲ್ಲ. ಆದರೆ ಸ್ಪರ್ಧೆಯೂ ಅಷ್ಟಿಲ್ಲ. ಅರ್ಜಿಗೆ ಮುಂಚೆ ಇಲ್ಲಿನ ಜೆನೆಟಿಕ್ಸ್ ಕ್ಲಿನಿಕ್ ಒಂದರಲ್ಲಿ ಅಬ್ಸರ್ವರ್‌ಶಿಪ್ (ಜೊತೆಗಿದ್ದು ನೋಡಿ ಕಲಿಯುವುದು) ಮಾಡಿ, ಅಲ್ಲಿನ ಜೆನೆಟಿಸಿಸ್ಟ್ ಒಬ್ಬರಿಂದ ಶಿಫಾರಸು ಪತ್ರ ತೆಗೆದುಕೊಳ್ಳಿ. ಬೇರೆ ವಿಭಾಗದವರ ಮೂರು ಪತ್ರಗಳಿಗಿಂತ ಅದೊಂದೇ ಹೆಚ್ಚು ತೂಗುತ್ತದೆ.