50 ಎಂಎಂ ಲೆನ್ಸ್ ಕ್ರಾಪ್ ಕ್ಯಾಮೆರಾದಲ್ಲಿ ನಿಜಕ್ಕೂ 80 ಎಂಎಂ ಆಗುತ್ತಾ?

ನೀವು ಕೇಳಿರೋದು ಇಷ್ಟು: ಕ್ಯಾನನ್‌ನ ಎಪಿಎಸ್-ಸಿ (ಚಿಕ್ಕ ಸೆನ್ಸರಿನ, ಅಂದ್ರೆ ‘ಕ್ರಾಪ್’) ಡಿಎಸ್‌ಎಲ್‌ಆರ್‌ಗೆ 50 ಎಂಎಂ ಎಫ್ 1.8 ತಗೊಂಡಿದ್ದೀರಿ, ಗೆಳೆಯರು ಅದು 80 ಎಂಎಂ ಆಗಿಬಿಡುತ್ತೆ ಅಂತಾರೆ. ಹಾಗಾದ್ರೆ ಕ್ಯಾಮೆರಾ ಜೊತೆ ಬಂದ 18-55 ಇಎಫ್-ಎಸ್ ಲೆನ್ಸನ್ನೂ 1.6ರಿಂದ ಗುಣಿಸಬೇಕಾ? ಅದು ಕ್ರಾಪ್ ಕ್ಯಾಮೆರಾಗೆ ಅಂತಲೇ ಮಾಡಿದ್ದಲ್ವಾ?

50 ಯಾವತ್ತೂ 50ನೇ. ಫೋಕಲ್ ಲೆಂಗ್ತ್ (ಲೆನ್ಸ್ ಮೇಲಿರೋ ಆ ಎಂಎಂ ಸಂಖ್ಯೆ) ಲೆನ್ಸಿನ ಗಾಜಿಗೆ ಸೇರಿದ್ದು, ಹಿಂದೆ ಯಾವ ಸೆನ್ಸರ್ ಇದೆ ಅಂತ ಅದಕ್ಕೆ ಗೊತ್ತೇ ಇಲ್ಲ. ಬದಲಾಗೋದು ಫ್ರೇಮಿಗೆ ಎಷ್ಟು ದೃಶ್ಯ ಹಿಡಿಸುತ್ತೆ ಅನ್ನೋದು ಮಾತ್ರ. ಫುಲ್ ಫ್ರೇಮ್ (ಹಳೇ ಫಿಲ್ಮಿನಷ್ಟೇ ದೊಡ್ಡ) ಸೆನ್ಸರ್ 36×24 ಎಂಎಂ, ನಿಮ್ಮದು ಸುಮಾರು 22.3×14.9 ಎಂಎಂ. ಲೆನ್ಸ್ ಬೀಳಿಸುವ ಅದೇ ಚಿತ್ರದ ನಡುವಿನ ತುಂಡನ್ನಷ್ಟೇ ಅದು ಹಿಡಿಯುತ್ತೆ. 36ನ್ನು 22.3ರಿಂದ ಭಾಗಿಸಿ, 1.6 ಬರುತ್ತೆ. ನಿಕಾನ್, ಸೋನಿ, ಫ್ಯೂಜಿಯ ಎಪಿಎಸ್-ಸಿ ಸ್ವಲ್ಪ ದೊಡ್ಡದು, ಅಲ್ಲಿ 1.5.

ಇಎಫ್-ಎಸ್ ಲೆನ್ಸ್ ಮೇಲೆ ಬರೆದಿರೋದೂ ನಿಜವಾದ ಫೋಕಲ್ ಲೆಂಗ್ತೇ, ಮೊದಲೇ ಗುಣಿಸಿಟ್ಟ ಸಂಖ್ಯೆ ಅಲ್ಲ. ಆದ್ದರಿಂದ ಫುಲ್ ಫ್ರೇಮಿಗೆ ಹೋಲಿಸುವಾಗ ಅದನ್ನೂ ಗುಣಿಸಬೇಕು: 18-55 ಅಂದರೆ ಹೆಚ್ಚುಕಮ್ಮಿ 29-88. ಅನುಮಾನ ಇದ್ದರೆ ಕಿಟ್ ಲೆನ್ಸನ್ನು (ಕ್ಯಾಮೆರಾ ಜೊತೆ ಬಂದ 18-55) 50ಕ್ಕೆ ತಿರುಗಿಸಿ ದೂರದ ಕಟ್ಟಡವೊಂದನ್ನು ತೆಗೆಯಿರಿ, ಅದೇ ಜಾಗದಿಂದ ಪ್ರೈಮ್ ಲೆನ್ಸಲ್ಲೂ (ಜೂಮ್ ಇಲ್ಲದ ನಿಮ್ಮ 50) ತೆಗೆಯಿರಿ. ಎರಡು ಫ್ರೇಮೂ ಹೆಚ್ಚುಕಮ್ಮಿ ಒಂದೇ ಥರ ಬರುತ್ತೆ. (ಹತ್ತಿರದ ವಸ್ತು ಬೇಡ, ಫೋಕಸ್ ಮಾಡುವಾಗ ಕೆಲವು ಲೆನ್ಸುಗಳ ನೋಟವೇ ಕೊಂಚ ಬದಲಾಗುತ್ತೆ.)

ಇದರ ಬಿಸಿ ತಟ್ಟೋದು ಮನೆಯೊಳಗೆ. ಲೆಕ್ಕ ಸುಲಭ: ಸೆನ್ಸರಿನ ಅಳತೆಯನ್ನು ಫೋಕಲ್ ಲೆಂಗ್ತಿನಿಂದ ಭಾಗಿಸಿ, ದೂರದಿಂದ ಗುಣಿಸಿ. 3 ಮೀಟರ್ ದೂರದಲ್ಲಿ ಕ್ಯಾಮೆರಾ ಉದ್ದಕ್ಕೆ ಹಿಡಿದರೆ, ಫುಲ್ ಫ್ರೇಮಿನಲ್ಲಿ 50 ಎಂಎಂ 2.16 ಮೀಟರ್ ಎತ್ತರ ಹಿಡಿಯುತ್ತೆ, ನಿಂತ ಮನುಷ್ಯ ಆರಾಮಾಗಿ ಹಿಡಿಸ್ತಾನೆ. ನಿಮ್ಮ ಕ್ಯಾಮೆರಾದಲ್ಲಿ 1.34 ಮೀಟರ್ ಅಷ್ಟೇ, ಮೊಣಕಾಲಿನ ಆಸುಪಾಸಿಗೆ ಕಟ್. ಪೂರ್ತಿ ಬರಬೇಕಂದ್ರೆ 4.8 ಮೀಟರ್ ದೂರಕ್ಕೆ ಹಿಂದೆ ಸರಿಯಬೇಕು. ಹತ್ತು-ಹನ್ನೆರಡು ಅಡಿ ರೂಮಲ್ಲಿ ಗೋಡೆ ಅಡ್ಡ ಬರುತ್ತೆ.

ಹಾಗೆ ಹಿಂದೆ ಹೋದಾಗ ಇನ್ನೊಂದು ಬದಲಾವಣೆಯೂ ಆಗುತ್ತೆ. ಮುಖ ಮತ್ತು ಹಿನ್ನೆಲೆ ಒಂದಕ್ಕೊಂದು ಎಷ್ಟು ದೊಡ್ಡದಾಗಿ ಕಾಣುತ್ತವೆ ಅನ್ನೋದು ನೀವು ನಿಂತ ದೂರದಿಂದ ನಿರ್ಧಾರ ಆಗುತ್ತೆ, ಲೆನ್ಸಿನಿಂದಲ್ಲ. ಒಂದೇ ಜಾಗದಲ್ಲಿ ನಿಂತು ಎಪಿಎಸ್-ಸಿಯಲ್ಲಿ 31 ಎಂಎಂ, ಫುಲ್ ಫ್ರೇಮಲ್ಲಿ 50 ಎಂಎಂ ಹಾಕಿದರೆ ಈ ಹೋಲಿಕೆ, ಅಂದರೆ ಪರ್ಸ್ಪೆಕ್ಟಿವ್, ಒಂದೇ.

ಜನ ಹೆಚ್ಚು ಎಡವೋದು ಅಪರ್ಚರಿನಲ್ಲಿ (ಬೆಳಕು ಬಿಡುವ ತೂತು, ಎಫ್ ಸಂಖ್ಯೆ ಹೇಳೋದು ಅದನ್ನೇ). ಎಕ್ಸ್‌ಪೋಶರಿಗೆ (ಚಿತ್ರ ಎಷ್ಟು ಬೆಳ್ಳಗೆ ಬರುತ್ತೆ ಅನ್ನೋದಕ್ಕೆ) ಎಫ್ 1.8 ಎಲ್ಲಾ ಕಡೆ 1.8ನೇ, ಅಲ್ಲಿ ಏನನ್ನೂ ಗುಣಿಸಬೇಡಿ. ಹಿನ್ನೆಲೆಯ ಮಸುಕಿನ ಲೆಕ್ಕಕ್ಕೆ ಮಾತ್ರ ಗುಣಿಸಿ: ನಿಮ್ಮ ಲೆನ್ಸ್ ಫುಲ್ ಫ್ರೇಮಿನ 80 ಎಂಎಂ ಎಫ್ 2.9ಕ್ಕೆ ಸಮ. 80ನ್ನು 2.9ರಿಂದ ಭಾಗಿಸಿ, 50ನ್ನು 1.8ರಿಂದ ಭಾಗಿಸಿ, ಎರಡಕ್ಕೂ ಸುಮಾರು 28 ಎಂಎಂ ಬರುತ್ತೆ. ಬೆಳಕು ಬರುವ ತೂತಿನ ಅಗಲ ಅದೇ. ಮೊಬೈಲಿನ ‘24 ಎಂಎಂ, ಎಫ್ 1.8’ ಜಾಹೀರಾತಿನ ಗುಟ್ಟೂ ಇಲ್ಲೇ ಇದೆ. ಅದರಲ್ಲಿ 24 ಸಮಾನ ಸಂಖ್ಯೆ, 1.8 ಗುಣಿಸದೇ ಬಿಟ್ಟ ಸಂಖ್ಯೆ. ಲೆನ್ಸ್ ನಿಜಕ್ಕೂ 7 ಎಂಎಂ ಇದ್ದರೆ ತೂತು 4 ಎಂಎಂ ಕೂಡ ಇಲ್ಲ, ಮಸುಕು ಎಫ್ 6ರ ಹಾಗೆ. ಅದಕ್ಕೇ ಪೋರ್ಟ್ರೇಟ್ ಮೋಡ್‌ನ ಮಸುಕನ್ನು ಸಾಫ್ಟ್‌ವೇರ್ ಹಾಕೋದು.

ಕೈಯಲ್ಲಿ ಹಿಡಿದು ತೆಗೆಯುವಾಗಿನ ಶಟರ್ ವೇಗದ ಲೆಕ್ಕಕ್ಕೂ (ಒಂದರ ಕೆಳಗೆ ಫೋಕಲ್ ಲೆಂಗ್ತ್) ಗುಣಿಸಿ. ಎಫ್ 1.8ರ 50ರಲ್ಲಿ ಸ್ಟೆಬಿಲೈಸೇಶನ್ (ಕೈ ನಡುಕ ತಡೆಯುವ ವ್ಯವಸ್ಥೆ) ಇಲ್ಲ, ಕೈಯಲ್ಲಿ ಹಿಡಿದು 1/50ರಲ್ಲಿ ತೆಗೆದರೆ ಅಲುಗಾಟ ಕಾಣಬಹುದು. 1/80ಕ್ಕಿಂತ ಕೆಳಗೆ ಇಳಿಸಬೇಡಿ.

ರಂಗನತಿಟ್ಟಿನಲ್ಲಿ ಹಕ್ಕಿ ತೆಗೆಯೋಕೆ ಕ್ರಾಪ್ ಒಳ್ಳೇದು, 300 ಎಂಎಂ 480 ಆಗುತ್ತೆ ಅಂತಾರಲ್ಲ, ಅದು ಅರ್ಧ ಸತ್ಯ. ಹಕ್ಕಿ ಸೆನ್ಸರಿನ ಮೇಲೆ ಬೀಳುವ ಗಾತ್ರ ಎರಡರಲ್ಲೂ ಒಂದೇ. ಲಾಭ ಇರೋದು ಪಿಕ್ಸೆಲ್‌ನಲ್ಲಿ. 24 ಮೆಗಾಪಿಕ್ಸೆಲ್ ಫುಲ್ ಫ್ರೇಮ್ ಚಿತ್ರವನ್ನು 1.6ಕ್ಕೆ ಕತ್ತರಿಸಿದರೆ ಉಳಿಯೋದು 9 ಚಿಲ್ಲರೆ, 24ರ ಎಪಿಎಸ್-ಸಿಯಲ್ಲಿ ಅಷ್ಟೂ 24 ಹಕ್ಕಿಯ ಸುತ್ತಲೇ ಇರುತ್ತೆ. 45 ಮೆಗಾಪಿಕ್ಸೆಲ್ ಫುಲ್ ಫ್ರೇಮ್ ಆದರೆ ಕತ್ತರಿಸಿದ ಮೇಲೂ 17ಕ್ಕಿಂತ ಹೆಚ್ಚು ಉಳಿಯುತ್ತೆ, ಆಗ ಅಂತರ ಅಷ್ಟಿಲ್ಲ.

ಮೈಕ್ರೋ ಫೋರ್ ಥರ್ಡ್ಸ್‌ಗೆ (ಎಪಿಎಸ್-ಸಿಗಿಂತಲೂ ಚಿಕ್ಕ ಸೆನ್ಸರ್) 2 ಅನ್ನೋದು ಕರ್ಣದ ಲೆಕ್ಕ. ಅದರ ಫ್ರೇಮ್ 4:3 ಆಗಿರೋದರಿಂದ ಅಗಲಕ್ಕೆ 2.08, ಎತ್ತರಕ್ಕೆ 1.85 ಆಗುತ್ತೆ. ಹಾಗೆಯೇ ‘35 ಎಂಎಂ ಸಮಾನ’ ಅಂತ ಬರೆದಿರುತ್ತಲ್ಲ, ಆ 35 ಫೋಕಲ್ ಲೆಂಗ್ತ್ ಅಲ್ಲ, ಪಕ್ಕದ ತೂತುಗಳೂ ಸೇರಿ ಹಳೇ ಫಿಲ್ಮ್ ಪಟ್ಟಿಯ ಅಗಲ. ಫುಲ್ ಫ್ರೇಮಿನ 36×24 ಅಳತೆ ಬಂದಿದ್ದೂ ಆ ಫಿಲ್ಮಿನಿಂದಲೇ.

ನಿಮ್ಮ ಹತ್ತಿರ ಇರೋದು ಒಂದೇ ಕ್ಯಾಮೆರಾ ಆದರೆ ದಿನಾ ಗುಣಿಸುತ್ತಾ ಕೂರಬೇಕಿಲ್ಲ, ಬೇರೆ ಸೆನ್ಸರಿನವರ ಸಲಹೆ ಓದುವಾಗ ಮಾತ್ರ ಬೇಕು. ಮನೆಯೊಳಗಿನ ಫೋಟೋಗೆ ಇನ್ನೊಂದು ಲೆನ್ಸ್ ಕೊಳ್ಳೋ ಯೋಚನೆ ಇದ್ದರೆ, ಮೊದಲು ಕಿಟ್ ಲೆನ್ಸನ್ನು ಒಂದು ದಿನ 24ರಲ್ಲಿ, ಇನ್ನೊಂದು ದಿನ 35ರಲ್ಲಿ ಬಿಟ್ಟು, ಜೂಮ್ ಮುಟ್ಟದೆ ತೆಗೆಯಿರಿ. 24 ಸಾಕು ಅನಿಸಿದರೆ ಕ್ಯಾನನ್‌ನ ಇಎಫ್-ಎಸ್ 24 ಎಂಎಂ ಎಫ್ 2.8 ನೋಡಿ, ಬಿಸ್ಕತ್ತಿನಷ್ಟು ತೆಳ್ಳಗಿದೆ.