ಗಡಿಯಾರವಿಲ್ಲದೆ ಸಿಕ್ಕ ವೇಗ

ಪ್ರಶ್ನೆ: ಹೈನ್ರಿಕ್ ಹರ್ಟ್ಸ್ 1888ರಲ್ಲಿ ವಿದ್ಯುತ್ಕಾಂತೀಯ ಅಲೆಗಳ ವೇಗ ಅಳೆದು, ಅದು ಬೆಳಕಿನ ವೇಗವೇ ಎಂದು ತೋರಿಸಿದರು ಎಂದು ಓದಿದ್ದೇವೆ. ಅಷ್ಟು ಸಣ್ಣ ಕಾಲಾವಧಿ ಅಳೆಯುವ ಗಡಿಯಾರ ಆಗ ಎಲ್ಲಿತ್ತು? ಈ ಪ್ರಯೋಗವನ್ನು ನಮ್ಮ ಕಾಲೇಜಿನಲ್ಲಿ ಮಾಡಬಹುದೇ?

ಉತ್ತರ: ಗಡಿಯಾರ ಇರಲಿಲ್ಲ. ಜರ್ಮನಿಯ ಕಾರ್ಲ್ಸ್‌ರೂಹೆ ನಗರದ ಉಪನ್ಯಾಸ ಕೊಠಡಿಯಲ್ಲಿ ಅವರು ಅಳೆದದ್ದು ಅಲೆಯ ಉದ್ದವನ್ನು ಮಾತ್ರ. ಗೋಡೆಗೆ 4 ಮೀ. ಎತ್ತರ, 2 ಮೀ. ಅಗಲದ ಸತುವಿನ ತಗಡು ಹೊಡೆದು, ಅದರ ಎದುರಿಗೆ ಕಿಡಿ ಹಾರಿಸುವ ಆಂದೋಲಕ ಇಟ್ಟರು. ಹೋದ ಅಲೆಯೂ ತಿರುಗಿ ಬಂದ ಅಲೆಯೂ ಕೂಡಿ ಸ್ಥಾಯೀ ತರಂಗ, ಅಂದರೆ ಮುಂದೆ ಸಾಗದೆ ನಿಂತಲ್ಲೇ ಏರಿಳಿಯುವ ಅಲೆ, ಏಳುತ್ತದೆ. 35 ಸೆಂ.ಮೀ. ತ್ರಿಜ್ಯದ ತಂತಿ ಬಳೆಯನ್ನು ಸರಿಸುತ್ತ ಹೋದರೆ ಅದರ ಬಾಯಲ್ಲಿ ಕಿಡಿ ಒಮ್ಮೆ ಬಲಿಯುತ್ತದೆ, ಒಮ್ಮೆ ಸಾಯುತ್ತದೆ. ಸಾಯುವ ಜಾಗಗಳ ನಡುವೆ 4.8 ಮೀ.; ಇದು ಅರ್ಧ ಅಲೆ, ಅಂದರೆ ಅಲೆಯ ಪೂರ್ತಿ ಉದ್ದ (ತರಂಗದೂರ) 9.6 ಮೀ. ಆ ಕಿಡಿ ಕಾಣಲು ಕೋಣೆ ಕತ್ತಲಾಗಿರಬೇಕು, ಸಂದನ್ನು ಮೈಕ್ರೋಮೀಟರ್ ತಿರುಪಿನಿಂದ ಹೊಂದಿಸಬೇಕು. ಆಂದೋಲಕದ ಹಿತ್ತಾಳೆ ಗುಂಡುಗಳು ಮಂಕಾದರೆ ಆಂದೋಲನವೇ ಹುಟ್ಟದು, ಪದೇ ಪದೇ ಉಜ್ಜಿ ಹೊಳಪಿಸಬೇಕು.

ತರಂಗದೂರವನ್ನು ಆವೃತ್ತಿಯಿಂದ, ಅಂದರೆ ಸೆಕೆಂಡಿಗೆ ಎಷ್ಟು ಆಂದೋಲನ ಎಂಬ ಸಂಖ್ಯೆಯಿಂದ, ಗುಣಿಸಿದರೆ ವೇಗ ಸಿಗುತ್ತದೆ. ಆವೃತ್ತಿ ಬಂದದ್ದು ಕಾಗದದ ಮೇಲಿನ ಲೆಕ್ಕದಿಂದ. ಎಡವಟ್ಟು ಆದದ್ದೂ ಅಲ್ಲೇ. ಆಂದೋಲಕದ ಧಾರಕತೆಯನ್ನು (ವಿದ್ಯುದಾವೇಶ ಹಿಡಿದಿಡುವ ಸಾಮರ್ಥ್ಯ) ದುಪ್ಪಟ್ಟು ಹಿಡಿದಿದ್ದರಿಂದ ಆಂದೋಲನಾವಧಿ √2 ಪಟ್ಟು ಹೆಚ್ಚಾಯಿತು, ವೇಗ ಅಷ್ಟೇ ಪಟ್ಟು ಕಡಿಮೆ ಬಂತು. ಇದನ್ನು ಎತ್ತಿ ತೋರಿಸಿದವರು ಫ್ರೆಂಚ್ ಗಣಿತಜ್ಞ ಪ್ವಾಂಕಾರೆ. ಹರ್ಟ್ಸ್ ಅಲೆಯನ್ನು ತಂತಿಯ ಗುಂಟ ಹರಿಸಿಯೂ ಅಳೆದಿದ್ದರು. 1888ರ ಆರಂಭದಲ್ಲಿ ಹರ್ಟ್ಸ್‌ಗೆ ಸಿಕ್ಕ ಅಂಕಿ ತಂತಿಯಲ್ಲಿ ಸೆಕೆಂಡಿಗೆ 2 ಲಕ್ಷ ಕಿ.ಮೀ., ಗಾಳಿಯಲ್ಲಿ 3.2 ಲಕ್ಷ. ತಿದ್ದಿದರೆ ತಂತಿಯದು 2.8 ಲಕ್ಷಕ್ಕೆ ಏರಿ ಬೆಳಕಿನ ವೇಗದ ಹತ್ತಿರ ಬರುತ್ತದೆ, ಆದರೆ ಗಾಳಿಯದು 4.5 ಲಕ್ಷ ದಾಟುತ್ತದೆ! ಸುಮಾರು 10 ಮೀಟರಿನ ಅಲೆಗೆ ಆ ಕೋಣೆ ತೀರಾ ಚಿಕ್ಕದು, ಗೋಡೆ ಕಂಬಗಳೆಲ್ಲ ಅಲೆಯನ್ನು ಕೆಡಿಸುತ್ತವೆ. 1893ರಲ್ಲಿ ಜಿನೀವಾದ ವಿಶಾಲ ಸಭಾಂಗಣದಲ್ಲಿ ಭೌತವಿಜ್ಞಾನಿಗಳಾದ ಸಾರಾಸಿನ್ ಮತ್ತು ದ ಲಾ ರೀವ್ ದೊಡ್ಡ ತಗಡಿಟ್ಟು ನೋಡಿದಾಗ ತಂತಿಯಲ್ಲೂ ಗಾಳಿಯಲ್ಲೂ ವೇಗ ಸಮ ಎಂದು ಖಚಿತವಾಯಿತು. ಅದರ ಮರುವರ್ಷದ ಜನವರಿ 1ರಂದು, 36ನೇ ವಯಸ್ಸಿನಲ್ಲಿ, ಹರ್ಟ್ಸ್ ಬಾನ್‌ನಲ್ಲಿ ತೀರಿಕೊಂಡರು.

ಹಾಗಾಗಿ, ವೇಗದ ಅಂಕಿಗಿಂತ ಅವರು ಅಲೆಯನ್ನು 66 ಸೆಂ.ಮೀ.ಗೆ ಮೊಟಕು ಮಾಡಿದ್ದೇ ದೊಡ್ಡ ಕೆಲಸ ಎಂಬುದು ನಮ್ಮ ಎಣಿಕೆ. ಅಲೆ ಇಷ್ಟು ಚಿಕ್ಕದಾದ ಮೇಲೆ, ಅದನ್ನು ಕಿರಣವಾಗಿ ಕೂಡಿಸಲು ಅವರು ಬಳಸಿದ 2 ಮೀ. ಎತ್ತರದ ಪರವಲಯ (ಪ್ಯಾರಾಬೋಲ ಆಕಾರದ) ಕನ್ನಡಿ ಅಲೆಗಿಂತ ದೊಡ್ಡದು. ಕಿರಣ ನೇರ ಸಾಗುತ್ತದೆ. ಸುಮಾರು 600 ಕೆ.ಜಿ. ತೂಗುವ, 30° ಕೋನದ ಪಿಚ್ (ಡಾಂಬರಿನಂಥ ಗಟ್ಟಿ ವಸ್ತು) ಪ್ರಿಸಮ್‌ನಲ್ಲಿ ಅದು 22° ಬಾಗಿತು. 30 ಮತ್ತು 22ರ ಮೊತ್ತದ ಅರ್ಧ 26°, 30ರ ಅರ್ಧ 15°; ಹಾಗಾಗಿ ವಕ್ರೀಭವನ ಸೂಚ್ಯಂಕ (ಅಲೆ ಎಷ್ಟು ಬಾಗುತ್ತದೆ ಎಂಬುದರ ಅಳತೆ) sin 26° ÷ sin 15°, ಅಂದರೆ 1.69. ಇಲ್ಲಿ ಆವೃತ್ತಿಯ ಲೆಕ್ಕವೇ ಬೇಡ, ಕೋನಗಳನ್ನು ಅಳೆದರೆ ಸಾಕು.

ಕಾಲೇಜಿನಲ್ಲಿ ಕಿಡಿಯ ಆಂದೋಲಕ ಬೇಡ. ಹೆಚ್ಚು ವೋಲ್ಟೇಜಿನ ಅಪಾಯ ಒಂದು, ಸುತ್ತಲಿನ ರೇಡಿಯೊಗಳಿಗೆ ತೊಂದರೆ ಇನ್ನೊಂದು. ಪ್ರಯೋಗಾಲಯದಲ್ಲಿ 10 ಗಿಗಾಹರ್ಟ್ಸ್ ಮೈಕ್ರೋವೇವ್ ಬೆಂಚ್ ಇದ್ದರೆ, ಅಲೆ ಹೊರಡಿಸುವ ಹಾರ್ನ್ (ಕಹಳೆಯಾಕಾರದ ಬಾಯಿ) ಎದುರು 30 ಸೆಂ.ಮೀ. ಚೌಕದ ಅಲ್ಯೂಮಿನಿಯಂ ತಗಡು ನಿಲ್ಲಿಸಿ, ನಡುವೆ ಸಣ್ಣ ಡಯೋಡ್ ಡಿಟೆಕ್ಟರ್ ಸರಿಸಿ. ಅಲೆ ಕುಗ್ಗುವ ಜಾಗಗಳು, ಅಂದರೆ ತಗ್ಗುಗಳು, 1.5 ಸೆಂ.ಮೀ.ಗೊಂದು ಸಿಗುತ್ತವೆ. ಒಂದೇ ಅಂತರ ಅಳೆಯಬೇಡಿ. ಹನ್ನೊಂದು ತಗ್ಗು ಎಣಿಸಿ ಒಟ್ಟು ದೂರವನ್ನು 10ರಿಂದ ಭಾಗಿಸಿ; ಅದರ ಎರಡು ಪಟ್ಟು ತರಂಗದೂರ. ಡಿಟೆಕ್ಟರ್ ದೊಡ್ಡದಾದರೆ ಅದು ಅಲೆಯನ್ನೇ ಕದಡುತ್ತದೆ. ಆವೃತ್ತಿಯನ್ನು ಬೆಂಚಿನ ಕ್ಯಾವಿಟಿ ಮೀಟರಿನಲ್ಲಿ (ಆವೃತ್ತಿ ತೋರಿಸುವ ಉಪಕರಣ) ನೇರವಾಗಿ ಓದಿಕೊಂಡು ತರಂಗದೂರದಿಂದ ಗುಣಿಸಿ; ಅದೇ ವೇಗ.