ವರ್ಷ ಮುಗಿದರೂ ನಿಲ್ಲದ ಜಾಹೀರಾತು

ಪ್ರಶ್ನೆ: ನನ್ನದು ಮಿಕ್ಸಿ, ಗ್ರೈಂಡರ್ ರಿಪೇರಿ ಅಂಗಡಿ, ಒಬ್ಬನೇ ನಡೆಸುತ್ತೇನೆ. ಹೋದ ವರ್ಷ ಒಂದು ಆನ್‌ಲೈನ್ ಡೈರೆಕ್ಟರಿ ಕಂಪನಿಯ ಹುಡುಗ ಬಂದು, ತಿಂಗಳಿಗೆ ₹2,000ದಂತೆ ಒಂದು ವರ್ಷ ಜಾಹೀರಾತು, ಆಮೇಲೆ ಬೇಡ ಅಂದ್ರೆ ಬಿಡಿ ಸಾರ್ ಎಂದ. ಬ್ಯಾಂಕ್ ಫಾರಂಗೂ ಸಹಿ ಹಾಕಿಸಿಕೊಂಡ. ವರ್ಷ ಮುಗಿದು ಮೂರು ತಿಂಗಳಾಯಿತು, ದುಡ್ಡು ಕಟ್ ಆಗುತ್ತಲೇ ಇದೆ. ಕೇಳಿದರೆ ಆಟೋ ರಿನ್ಯೂವಲ್ ಅನ್ನುತ್ತಾರೆ. ಆ ಹುಡುಗ ಕೆಲಸ ಬಿಟ್ಟನಂತೆ. ಖಾತೆ ಖಾಲಿ ಮಾಡಿಟ್ಟುಬಿಡಲೇ?
– ಹೆಸರು ಬೇಡ, ಹಾಸನ

ಉತ್ತರ: ಖಂಡಿತ ಬೇಡ. ಎಲ್ಲರಿಗೂ ಮೊದಲು ಹೊಳೆಯುವುದೇ ಇದು, ಆದರೆ ದುಡ್ಡಿಲ್ಲದೆ ಇಸಿಎಸ್, ಅಂದರೆ ಖಾತೆಯಿಂದ ತಾನಾಗಿ ಕಟ್ ಆಗುವ ಕಂತು (ಈಗ ನ್ಯಾಚ್ ಅನ್ನುತ್ತಾರೆ), ವಾಪಸ್ ಹೋದರೆ ಚೆಕ್ ಬೌನ್ಸ್ ಥರವೇ ಕೇಸ್ ಹಾಕಲು 2007ರ ಪೇಮೆಂಟ್ ಅಂಡ್ ಸೆಟಲ್‌ಮೆಂಟ್ ಸಿಸ್ಟಮ್ಸ್ ಕಾಯ್ದೆಯ 25ನೇ ಸೆಕ್ಷನ್‌ನಲ್ಲಿ ದಾರಿ ಇದೆ. ಬ್ಯಾಂಕ್ ಹಾಕುವ ದಂಡ ಬೇರೆ.

ಮೊದಲು ಒಪ್ಪಂದದ ಪ್ರತಿ ತರಿಸಿಕೊಂಡು, ಬೇಡ ಅನ್ನಬೇಕಾದರೆ ಎಷ್ಟು ದಿನ ಮುಂಚೆ ತಿಳಿಸಬೇಕು ಅಂತ ನೋಡಿ. ಆ ಸಾಲು ಸಾಮಾನ್ಯವಾಗಿ ಕೊನೆಯ ಪುಟದಲ್ಲಿ, ಇರುವೆ ಅಕ್ಷರದಲ್ಲಿ ಇರುತ್ತದೆ. ಗಡುವು ದಾಟಿದ್ದರೂ ಪರವಾಗಿಲ್ಲ, ಇವತ್ತೇ ಇಮೇಲ್ ಮಾಡಿ, ಅದನ್ನೇ ಸ್ಪೀಡ್ ಪೋಸ್ಟ್‌ನಲ್ಲೂ ಕಳಿಸಿ: ಇಂಥ ದಿನದಿಂದ ಸೇವೆ ಬೇಡ, ಮ್ಯಾಂಡೇಟ್ (ದುಡ್ಡು ಕಡಿಯಲು ಬ್ಯಾಂಕಿಗೆ ಕೊಟ್ಟ ಒಪ್ಪಿಗೆ) ರದ್ದು ಮಾಡುತ್ತಿದ್ದೇನೆ, ವರ್ಷ ಮುಗಿದ ಮೇಲೆ ಕಡಿದ ಮೂರು ಕಂತು ವಾಪಸ್ ಕೊಡಿ. ಫೋನಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ. ಆಮೇಲೆ ಬ್ಯಾಂಕಿಗೆ ಹೋಗಿ ಮ್ಯಾಂಡೇಟ್ ರದ್ದತಿಗೆ ಬರೆದುಕೊಟ್ಟು ಸೀಲ್ ಹಾಕಿಸಿಕೊಳ್ಳಿ. ಕಂಪನಿಯನ್ನು ಕೇಳಿಕೊಂಡು ಬನ್ನಿ ಎಂದು ಕೌಂಟರಿನಲ್ಲಿ ಸಾಗಹಾಕಲು ನೋಡಬಹುದು, ಜಗ್ಗಬೇಡಿ.

ಒಂದು ಮಾತು ನೇರವಾಗಿ ಹೇಳುತ್ತೇನೆ, ಬೇಜಾರಾಗಬೇಡಿ. ನೀವು ಸಹಿ ಹಾಕಿದ್ದೀರಿ. ಹುಡುಗ ಬಾಯಲ್ಲಿ ಹೇಳಿದ್ದಕ್ಕಿಂತ ಕಾಗದಕ್ಕೇ ತೂಕ ಜಾಸ್ತಿ, ಅವನು ವಾಟ್ಸಾಪ್‌ನಲ್ಲಿ ಏನಾದರೂ ಬರೆದಿದ್ದರೆ ಮಾತ್ರ ಅಳಿಸದೆ ಇಟ್ಟುಕೊಳ್ಳಿ. ಹಾಗಂತ ಉಳಿದ ಇಡೀ ವರ್ಷದ ದುಡ್ಡು ಕಟ್ಟಿ ಎಂದು ಲಾಯರ್ ನೋಟಿಸ್ ಬಂದರೆ ಹೆದರಬೇಕಿಲ್ಲ. ಕಾಗದದಲ್ಲಿ ಎಷ್ಟೇ ದೊಡ್ಡ ದಂಡ ಬರೆದಿರಲಿ, 1872ರ ಕರಾರು ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ನ್ಯಾಯವಾದಷ್ಟು ಪರಿಹಾರ ಮಾತ್ರ ಕೇಳಬಹುದು.

ದುಡ್ಡು ವಾಪಸ್ ಕೊಡದಿದ್ದರೆ ಮೊದಲು 1915ಕ್ಕೆ ಫೋನ್ ಮಾಡಿ, ಅದು ಗ್ರಾಹಕರ ಸಹಾಯವಾಣಿ. ಆಮೇಲೆ ಹಾಸನದ ಜಿಲ್ಲಾ ಗ್ರಾಹಕರ ಆಯೋಗ ಇದ್ದೇ ಇದೆ, ₹5 ಲಕ್ಷದೊಳಗಿನ ವ್ಯವಹಾರಕ್ಕೆ ಶುಲ್ಕ ಇಲ್ಲ. ಇದು ವ್ಯಾಪಾರ, ನೀವು ಗ್ರಾಹಕರೇ ಅಲ್ಲ ಎಂದು ಕಂಪನಿ ವಾದಿಸುತ್ತದೆ ನೋಡಿ. ಆದರೆ ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲು ಕೊಂಡ ವಸ್ತುವಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ವಿನಾಯಿತಿ ಇದೆ, ಸೇವೆ ಅಂತ ಅಲ್ಲಿ ಬರೆದಿಲ್ಲವಾದರೂ ಅದನ್ನೇ ಹಿಡಿದು ವಾದಿಸಬಹುದು. ನೀವೇ ಕೂತು ಮಿಕ್ಸಿ ಬಿಚ್ಚುವವರು ಅಲ್ವಾ? ಆ ಮಾತು ದೂರಿನ ಮೊದಲ ಸಾಲಿನಲ್ಲೇ ಇರಲಿ.

ಪ್ರಶ್ನೆ: ನನ್ನ ಬ್ಯೂಟಿ ಪಾರ್ಲರ್ ಜಾಹೀರಾತಿಗೆ ಯುಪಿಐ ಆಟೋಪೇ ಕೊಟ್ಟಿದ್ದೇನೆ. ಅದಕ್ಕೂ ಬ್ಯಾಂಕಿಗೆ ಅಲೆಯಬೇಕೇ?
– ಓದುಗರು, ಶಿರಸಿ

ಉತ್ತರ: ಇಲ್ಲ. ಆ್ಯಪ್‌ನಲ್ಲೇ ಆಟೋಪೇ ಅಂತ ಇರುತ್ತದೆ, ಅಲ್ಲೇ ರದ್ದು ಮಾಡಿ. ದುಡ್ಡು ಕಡಿಯುವ 24 ಗಂಟೆ ಮೊದಲು ನಿಮಗೆ ಮೆಸೇಜ್ ಬರಲೇಬೇಕು, ರಿಸರ್ವ್ ಬ್ಯಾಂಕ್ ನಿಯಮ. ಆಫರ್ ಮೆಸೇಜ್ ಅಂದುಕೊಂಡು ಸುಮ್ನೆ ಅಳಿಸಬೇಡಿ. ಮತ್ತೆ, ಕಂಪನಿಗೆ ಒಂದು ಇಮೇಲ್ ಮಾತ್ರ ನೀವೂ ಹಾಕಿ.